ಬಡಗಣ ಗೋಡೆಯ ಆಕಳುಗಳು

ರಕ್ತದ ಸ್ಲೈಡಿಗೆ ಬಣ್ಣ ಹಾಕಲು ಕಲಬುರ್ಗಿಯ ಬಾವಿ ನೀರು ನಡೆಯುವುದಿಲ್ಲ. ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಯಾರೇ ನನ್ನನ್ನು ಕಾಣಲು ಬರಲಿ, ಮೊದಲು ಈ ಮಾತು ಹೇಳುತ್ತೇನೆ. ಅವರು ಮುಗುಳ್ನಗುತ್ತಾರೆ. ಅವರಿಗೆ ಶುದ್ಧ ಮಾಡಿದ ನೀರು ಬಾಟಲಿಯಲ್ಲಿ ಬರುತ್ತದೆ, ಎಷ್ಟು ಹೊತ್ತು ಬಣ್ಣದಲ್ಲಿ ಇಡಬೇಕು ಎಂಬ ಚೀಟಿಯೂ ಜೊತೆಗೆ ಬರುತ್ತದೆ. ನನಗೆ ಈ ಒಂದು ವಿಷಯ ತಿಳಿಯಲು ಎರಡು ಬೇಸಿಗೆ, ಒಂದು ಮಳೆಗಾಲ ಹಿಡಿದವು. ಹಾಗೆ ತಿಳಿದಿದ್ದರಿಂದ ನಮ್ಮ ಕಾಕಾ ಜೈಲಿಗೆ ಹೋಗುವುದು ತಪ್ಪಿತು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದು ಸರ್ವಿಸ್ ಪುಸ್ತಕದಲ್ಲಿದೆ. ಇಲ್ಲಿ ಬರೆಯುತ್ತಿರುವುದು ಆ ಪುಸ್ತಕದಲ್ಲಿ ಇಲ್ಲದ್ದು.

ನಾನು ಕುಸನೂರದವನು. ಈಗ ಅದು ಕಲಬುರ್ಗಿಯೊಳಗೇ ಸೇರಿಹೋಗಿದೆ, ಆಗ ಜೋಳದ ಹೊಲ ದಾಟಿ ನಡೆದು ಬರಬೇಕಿತ್ತು. ನಿಜಾಮರ ಕಾಲದ ಕೊನೆಯಲ್ಲಿ ನಾನು ಕಲಬುರ್ಗಿಯ ಮವೇಶಿ ದವಾಖಾನೆಗೆ, ಅಂದರೆ ದನಗಳ ಆಸ್ಪತ್ರೆಗೆ, ಜವಾನನಾಗಿ ಸೇರಿದೆ. ಕಸ ಹೊಡೆಯುವುದು, ಸೂಜಿ ಕುದಿಸುವುದು, ಕೋಡು ಹಿಡಿದು ನಿಲ್ಲುವುದು ನನ್ನ ಕೆಲಸ. ಉರ್ದು ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿದ್ದೆ, ಹಾಗಾಗಿ ರಜಿಸ್ಟರಿನಲ್ಲಿ ಬರೆದದ್ದು ಓದಲು ಬರುತ್ತಿತ್ತು. ಸತ್ತ ದನ ಎತ್ತುವುದು, ಚರ್ಮ ಬಿಡಿಸುವುದು ನಮ್ಮ ಮನೆತನದವರಿಗೆ ಊರು ಹೊರಿಸಿದ್ದ ಕೆಲಸ. ನಮ್ಮಪ್ಪ ಅದನ್ನು ಬಿಟ್ಟು ಕೂಲಿಗೆ ಹೋಗುತ್ತಿದ್ದ. ಕಮಲಾಪುರದಲ್ಲಿದ್ದ ಅಪ್ಪನ ತಮ್ಮ ಸಾಯಬಣ್ಣ ಕಾಕಾ ಬಿಟ್ಟಿರಲಿಲ್ಲ.

ದವಾಖಾನೆಯ ಡಾಕ್ಟರು ಗುಂಡೇರಾಯರು. ವೈಷ್ಣವರು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಅವರ ತಂದೆ ಪೂಜೆ ಪೌರೋಹಿತ್ಯ ಮಾಡುತ್ತಿದ್ದರು. ಡಾಕ್ಟರು ದಿನಾ ಸಂಜೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಮನೆಯೊಳಗೆ ಕಾಲಿಡಬೇಕಿತ್ತು. ಓದಿದವರು, ಒಳ್ಳೆಯವರು, ಆದರೆ ಅವರ ಬಲಗೈ ನಡುಗುತ್ತಿತ್ತು. ಸ್ಲೈಡಿನ ಮೇಲೆ ರಕ್ತದ ಹನಿ ಇಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಉಸಿರಿಗೆ ತಳ್ಳಬೇಕು. ಲೇಪ ನಾಲಗೆಯ ಹಾಗೆ ತುದಿಗೆ ತೆಳ್ಳಗಾಗಬೇಕು. ಡಾಕ್ಟರು ತಳ್ಳಿದರೆ ಅದು ಅಲೆ ಅಲೆಯಾಗಿ ಕೂಡುತ್ತಿತ್ತು. ಒಂದು ದಿನ ಅವರು ಕೈ ತೊಳೆಯಲು ಹೋದಾಗ ನಾನೇ ಒಂದು ಸ್ಲೈಡು ತಳ್ಳಿಟ್ಟೆ. ಅವರು ಬಂದು ಅದನ್ನು ಖುರ್ದಬೀನಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಸೂಕ್ಷ್ಮದರ್ಶಕಕ್ಕೆ ಆಗ ನಾವೆಲ್ಲ ಖುರ್ದಬೀನು ಎನ್ನುತ್ತಿದ್ದೆವು.  ಮರುದಿನ ಬೆಳಿಗ್ಗೆ ಡಾಕ್ಟರು ಸ್ಲೈಡಿನ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟರು. ಸರ್ಕಾರ ನನಗೆ ಕೊಟ್ಟ ಯಾವ ಆರ್ಡರೂ ನನಗೆ ಅಷ್ಟು ದೊಡ್ಡದು ಅನ್ನಿಸಿಲ್ಲ.

ಲೇಪ ಚೆನ್ನಾಗಿ ಬಂದರೂ ಬಣ್ಣ ಹತ್ತುತ್ತಿರಲಿಲ್ಲ. ಎಲ್ಲ ನೀಲಿ ನೀಲಿ, ಮಸಿ ಚೆಲ್ಲಿದ ಹಾಗೆ. ಡಾಕ್ಟರು ಬಣ್ಣ ಕೆಟ್ಟಿದೆ ಎಂದು ಹೈದರಾಬಾದಿಗೆ ಬರೆದು ಬೇರೆ ತರಿಸಿದರು. ಅದೂ ಅಷ್ಟೇ. ನಾನು ಸೂಜಿ ಕುದಿಸುವ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟುವುದನ್ನು ದಿನಾ ಉಜ್ಜಿ ತೆಗೆಯುತ್ತಿದ್ದೆ. ತಪ್ಪು ಬಣ್ಣದ್ದಲ್ಲ, ಈ ನೀರಿನದ್ದೇ ಇರಬೇಕು ಎಂದು ತಲೆಗೆ ಬಂದದ್ದು ಆ ಪಾತ್ರೆ ಉಜ್ಜುವಾಗಲೇ. ಮೊದಲ ಮಳೆಗೆ ದವಾಖಾನೆಯ ಅಂಗಳದಲ್ಲಿ ಬೋಗುಣಿ ಇಟ್ಟು ನೀರು ಹಿಡಿದೆ. ಅದರಲ್ಲಿ ಬಣ್ಣ ಕಲಸಿದೆ. ರಕ್ತದ ಕಣ ತಿಳಿ ಗುಲಾಬಿ, ಒಳಗಿನ ರೋಗದ ಕ್ರಿಮಿ ನೇರಳೆ, ಒಂದೊಂದೂ ಎಣಿಸುವ ಹಾಗೆ ಎದ್ದು ಕಂಡವು. ಯಾವ ಬಾವಿಯ ನೀರು ಎಂದು ಡಾಕ್ಟರು ಕೇಳಿದರು. ಮುಗಿಲಿನದ್ರಿ ಅಂದೆ. ಅಂದಿನಿಂದ ಪ್ರತಿ ಮಳೆಗಾಲ ನಾನು ಬಾಟಲಿ ತುಂಬಿಟ್ಟು ಬೇಸಿಗೆಯವರೆಗೆ ಕಾಯುತ್ತಿದ್ದೆ.

ಜವಾನ ಖುರ್ದಬೀನಿನಲ್ಲಿ ನೋಡಿ ರೋಗ ಹೇಳುವುದು ಕಾನೂನಿಗೆ ವಿರುದ್ಧ. ಆದರೂ ಡಾಕ್ಟರು ನನಗೆ ಕಲಿಸಿದರು. ಉಣ್ಣಿಯಿಂದ ಬರುವ ಎರಡು ಜ್ವರ ಮುಖ್ಯ. ಒಂದರಲ್ಲಿ ದನದ ಉಚ್ಚೆ ಕೆಂಪಾಗುತ್ತದೆ, ರಕ್ತದ ಕಣದೊಳಗೆ ಎಳ್ಳಿನ ಜೋಡಿ ಕಾಳಿನಂಥ ಕ್ರಿಮಿ ಕಾಣುತ್ತದೆ. ಅದಕ್ಕೆ ನೀಲಿ ಔಷಧ ಇತ್ತು. ರಕ್ತನಾಳಕ್ಕೆ ಕೊಟ್ಟರೆ ಜ್ವರ ಇಳಿಯುತ್ತಿತ್ತು, ಆದರೆ ದನದ ಮೈಯೊಳಗೆಲ್ಲ ವಾರಗಟ್ಟಲೆ ನೀಲಿ ನಿಲ್ಲುತ್ತಿತ್ತು. ಕಲಬುರ್ಗಿ ಪಕ್ಕದ ಶರಣಸಿರಸಗಿಯಲ್ಲಿ ಒಂದು ಎಮ್ಮೆಗೆ ಕೊಟ್ಟಾಗ ಅದರ ಒಸಡು ನೀಲಿಯಾದದ್ದು ಕಂಡು ಮನೆಯವರು ಗಾಬರಿಯಾಗಿ ಗಾಡಿ ಕಟ್ಟಿಕೊಂಡು ಬಂದಿದ್ದರು. ಇನ್ನೊಂದು ಜ್ವರದಲ್ಲಿ ಉಚ್ಚೆ ಕೆಂಪಾಗುವುದಿಲ್ಲ. ಮುಂಗಾಲಿನ ಮೇಲೆ, ಭುಜದ ಮುಂದೆ ಗಂಟು ಬಾತುಕೊಳ್ಳುತ್ತದೆ. ರಕ್ತದಲ್ಲಿ ಸಣ್ಣ ಉಂಗುರ, ಗಂಟಿನ ರಸದಲ್ಲಿ ನೀಲಿ ಗುಂಡು. ಅದಕ್ಕೆ ಆಗ ಔಷಧವೇ ಇರಲಿಲ್ಲ. ಈಗ ಇದೆ, ಲಸಿಕೆಯೂ ಇದೆ. ಆಗ ಆ ಉಂಗುರ ಕಂಡರೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಯಿತು. ಆ ದಿನಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ದನಗಳ ಕಡೆಯಿಂದ ಕಂಡದ್ದಷ್ಟೇ ಹೇಳುತ್ತೇನೆ. ಕೆಲವರು ಊರು ಬಿಟ್ಟು ಹೋದರು, ಕೆಲವರು ಜೀವಂತ ಉಳಿಯಲಿಲ್ಲ. ಅವರ ದನಗಳು ಹಗ್ಗ ಹರಿದುಕೊಂಡು ಹೊಲ ಹೊಲ ತಿರುಗಿದವು. ಹೊಸ ಅಧಿಕಾರಿಗಳು ಅಂಥವನ್ನೆಲ್ಲ ಹಿಡಿಸಿ, ಕಮಲಾಪುರದಲ್ಲಿ ಒಬ್ಬ ಜಹಗೀರದಾರರ ಹಳೆಯ ಕುದುರೆ ಲಾಯ ಖಾಲಿಯಿತ್ತು, ಅಲ್ಲಿ ಕಟ್ಟಿಸಿದರು. ಹೆಚ್ಚಿನವು ಆ ಸೀಮೆಯಲ್ಲೇ ಹುಟ್ಟಿ ಬೆಳೆದ ದೇವಣಿ ದನ. ಕಲಬುರ್ಗಿಯ ಐವಾನ್-ಎ-ಶಾಹಿಯ ಸರ್ಕಾರಿ ಬಂಗಲೆಗಳಿಗೆ ಹಾಲು ಕೊಡುತ್ತಿದ್ದ ಒಂದು ಮಂದೆಯೂ ಇತ್ತು, ಎಲ್ಲ ಕೆಂಪು ಸಿಂಧಿ ಆಕಳು. ಊರಲ್ಲಿ ಮೇವು ಸಾಲದೆ ಅವನ್ನೂ ಕಮಲಾಪುರಕ್ಕೆ ಅಟ್ಟಿದರು. ಎರಡನ್ನೂ ಸೇರಿಸಿ ಮಾದರಿ ಹಾಲಿನ ಮಂದೆ ಮಾಡಬೇಕೆಂದು ಮೇಲಿನವರ ಆಸೆ. ಸಿಂಧಿ ಆಕಳುಗಳ ಜೊತೆ ಅವನ್ನು ಹಿಂಡುತ್ತಿದ್ದ ಹುಸೇನಬಿಯೂ ಹೋದಳು. ಐವತ್ತು ದಾಟಿದ ವಿಧವೆ. ಪ್ರತಿ ಆಕಳಿಗೂ ಒಂದು ಹೆಸರಿಟ್ಟಿದ್ದಳು.

ಮುಂದಿನ ಬೇಸಿಗೆಯಲ್ಲಿ ಸಿಂಧಿ ಆಕಳುಗಳಿಗೆ ಜ್ವರ ಬಂತು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಎರಡು ಸತ್ತಿದ್ದವು. ಡಾಕ್ಟರು, ನಾನು ಮೋಟಾರಿನಲ್ಲಿ ಹೊರಟೆವು. ಖುರ್ದಬೀನು ನನ್ನ ತೊಡೆಯ ಮೇಲೆ. ಮೂರನೆಯದು ಮೋತಿ ಎಂಬ ಆಕಳು, ನಿಲ್ಲಲಾರದೆ ನಿಂತಿತ್ತು. ಆ ದಿನ ಡಾಕ್ಟರ ಕಣ್ಣು ಬೇನೆ ಬಂದು ಕೆಂಪಾಗಿ ನೀರು ಸುರಿಯುತ್ತಿತ್ತು. ನೀನೇ ನೋಡಿ ಹೇಳು ಅಂದರು.

ನಾನು ನೋಡಿದೆ. ಎರಡು ಉಂಗುರ ಒಂದೇ ಕಣದಲ್ಲಿ ಅಂಟಿಕೊಂಡಿದ್ದವು. ನಾನು ಅವನ್ನು ಎಳ್ಳಿನ ಜೋಡಿ ಎಂದು ಓದಿದೆ. ಇನ್ನೂ ಹತ್ತು ಕಡೆ ನೋಡಬೇಕಿತ್ತು, ಭುಜದ ಮುಂದೆ ಕೈ ಇಟ್ಟು ಗಂಟು ಮುಟ್ಟಬೇಕಿತ್ತು, ಉಚ್ಚೆ ಕೆಂಪೋ ಅಲ್ಲವೋ ಎಂದು ಹುಸೇನಬಿಯನ್ನು ಕೇಳಬೇಕಿತ್ತು. ಡಾಕ್ಟರು ನನ್ನನ್ನು ನಂಬಿ ಕೇಳಿದ್ದರು, ಸುತ್ತ ಜನ ನಿಂತಿದ್ದರು, ತಟ್ಟನೆ ಹೇಳಿಬಿಡುವ ಆಸೆ. ಹೇಳಿಬಿಟ್ಟೆ. ಅವರು ನೀಲಿ ಔಷಧ ಕೊಟ್ಟರು. ನಾವು ಕಲಬುರ್ಗಿಗೆ ಬಂದೆವು. ಮೂರನೆಯ ದಿನ ಮೋತಿ ಸತ್ತಿತು.

ಚರ್ಮ ಬಿಡಿಸಲು ಹೋದವನು ಸಾಯಬಣ್ಣ ಕಾಕಾ. ಚರ್ಮ ಸರಿಯುತ್ತಲೇ ಒಳಗಿನ ಮಾಂಸವೆಲ್ಲ ನೀಲಿ. ನೋಡುತ್ತ ನಿಂತವರು ವಿಷ ಅಂದರು. ಚರ್ಮದ ಆಸೆಗೆ ನಮ್ಮವರು ದನಕ್ಕೆ ವಿಷ ಹಾಕುತ್ತಾರೆ ಎಂಬ ಹಳೆಯ ಅಪವಾದ ಎಲ್ಲ ಊರಲ್ಲೂ ಇತ್ತು. ಸರ್ಕಾರದ ಆಕಳು ಬೇರೆ. ಪೊಲೀಸ್ ಅಮೀನರು ಕಾಕಾನ ಗುಡಿಸಲು ಶೋಧಿಸಿದರು. ಚರ್ಮಕ್ಕೆ ಸವರಲು ಇಟ್ಟಿದ್ದ ಉಪ್ಪು, ಸುಣ್ಣದ ಗಡಿಗೆಯನ್ನು ಮುಚ್ಚಿ ಮೊಹರು ಮಾಡಿ, ಅವನನ್ನು ಚಾವಡಿಯಲ್ಲಿ ಕೂಡಿಸಿದರು.

ಕಾಕಾನ ಹೆಂಡತಿ ಕಮಲಾಪುರದಿಂದ ನಡೆದೇ ಬಂದು ನಮ್ಮ ಮನೆಯ ಬಾಗಿಲಲ್ಲಿ ಕೂತಳು. ಅವಳು ನೀಲಿ ಎಂದ ಕ್ಷಣ ನನಗೆ ಎಲ್ಲ ತಿಳಿಯಿತು. ದವಾಖಾನೆಗೆ ಓಡಿ ಮೋತಿಯ ಸ್ಲೈಡನ್ನು ತೆಗೆದು, ಕಿಟಕಿಯ ಬೆಳಕಿಗೆ ಇಟ್ಟು, ಈ ಸಲ ಅಂಚಿನಿಂದ ಅಂಚಿಗೆ ನೋಡಿದೆ. ಜೋಡಿ ಕಾಳು ಒಂದೂ ಇಲ್ಲ. ಎಲ್ಲ ಉಂಗುರ.

ಡಾಕ್ಟರು ಬಂದಾಗ ಹೇಳಿದೆ.

"ಸಾಹೇಬ್ರ, ಮೋತಿ ಸ್ಲೈಡು ನಾ ತಪ್ಪು ಓದೀನ್ರಿ. ಅದು ಗಂಟಿನ ಜ್ವರ. ನಮ್ಮ ಔಷಧದ ನೀಲಿ ನೋಡಿ ನಮ್ಮ ಕಾಕಾನ್ನ ಹಿಡದಾರ್ರಿ."

 ಇದನ್ನು ಹೊರಗೆ ಹೇಳಿದರೆ ಜವಾನನ ಕೈಯಲ್ಲಿ ರೋಗ ಓದಿಸಿದ್ದು ಹೊರಬರುತ್ತದೆ, ನೌಕರಿಗೇ ಕುತ್ತು. ಹೊಸ ಸರ್ಕಾರ ಹಳಬರ ತಪ್ಪು ಹುಡುಕುತ್ತಿದ್ದ ಕಾಲ. ನಾನು ನೆಲ ನೋಡುತ್ತ ನಿಂತಿದ್ದೆ. ಆಮೇಲೆ ಅವರು ಗೂಟಕ್ಕೆ ಹಾಕಿದ್ದ ಕೋಟು ತೆಗೆದು ತೊಟ್ಟರು.

"ಖುರ್ದಬೀನ ತಗೋ," ಅಂದರು. "ಮಳಿ ನೀರಿನ ಬಾಟ್ಲಿ ಮರೀಬ್ಯಾಡ."

ಕಮಲಾಪುರದ ಚಾವಡಿಯಲ್ಲಿ ಅಮೀನರ ಮುಂದೆ ಅವರು ಕೂಡಲಿಲ್ಲ, ನಿಂತೇ ಹೇಳಿದರು. ನೀಲಿ ತಮ್ಮ ಔಷಧದ್ದು, ಸ್ಲೈಡು ಓದಿದವನು ತಮ್ಮ ಜವಾನ, ಓದಿಸಿದ ತಪ್ಪು ತಮ್ಮದು. ಊರ ಹಿರಿಯರೆಲ್ಲ ಇದ್ದರು. ಮೂಲೆಯಲ್ಲಿ ಕಾಕಾ ಮೊಣಕಾಲು ತಬ್ಬಿಕೊಂಡು ಕೂತಿದ್ದ. ನನ್ನ ಕಡೆ ನೋಡಲಿಲ್ಲ. ನಾನು ಎಷ್ಟೋ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದ್ದೇನೆ. ತಮ್ಮ ತಪ್ಪನ್ನು ಊರ ನಡುವೆ ನಿಂತು ಒಪ್ಪಿದವರು ಇವರೊಬ್ಬರೇ.

ಅಮೀನರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಮೋತಿಯ ಮಾತು ಒಪ್ಪಿದೆ, ಮೊದಲು ಸತ್ತ ಎರಡಕ್ಕೆ ಔಷಧ ಕೊಟ್ಟಿರಲಿಲ್ಲವಲ್ಲ, ಅವನ್ನು ಕೊಂದವರು ಯಾರು ಎಂದು ಕೇಳಿದರು. ಅದೂ ಅಲ್ಲದೆ ಇವತ್ತು ಬೆಳಿಗ್ಗೆ ಇನ್ನೊಂದು ಸತ್ತಿದೆ, ಅದು ಸಿಂಧಿ ಅಲ್ಲ, ಇಲ್ಲೇ ಹುಟ್ಟಿದ ದೇವಣಿ ಮಣಕ, ಇನ್ನೂ ಈಯದ್ದು. ಈ ಸೀಮೆಯ ದನ ಜ್ವರಕ್ಕೆ ಸತ್ತದ್ದು ಯಾರೂ ಕೇಳಿಲ್ಲ ಅಂದರು. ಅದರ ಹೊಟ್ಟೆ ಬಿಚ್ಚಿ ನೋಡಬೇಕು ಎಂದರು ಡಾಕ್ಟರು. ಬಿಚ್ಚಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಆ ಕೆಲಸ ಬರುತ್ತಿದ್ದವನನ್ನು ಅವರೇ ಮೂಲೆಯಲ್ಲಿ ಕೂಡಿಸಿದ್ದರು. ಇಬ್ಬರು ಪೊಲೀಸರ ನಡುವೆ ಕಾಕಾನನ್ನು ಕರೆತಂದರು.

ಲಾಯದ ಹಿಂದೆ ಬೇವಿನ ನೆರಳಲ್ಲಿ ಕಾಕಾ ಮಣಕವನ್ನು ಬಿಚ್ಚಿದ. ಡಾಕ್ಟರು ಏನೂ ಹೇಳಿಕೊಡಬೇಕಾಗಲಿಲ್ಲ. ಗುಲ್ಮವನ್ನು ಎತ್ತಿ ತೋರಿಸಿದ. ಅವನ ಬಾಯಲ್ಲಿ ಅದು ತಿಲ್ಲಿ. ಇರಬೇಕಾದದ್ದಕ್ಕಿಂತ ಎರಡು ಪಟ್ಟು ಬಾತಿತ್ತು. ನಾಲ್ಕನೆಯ ಹೊಟ್ಟೆಯನ್ನು ಸೀಳಿ ನೀರು ಹಾಕಿ ತೊಳೆದು ಹರಡಿದ. ಒಳಮೈಯಲ್ಲಿ ಬೀಡಿಯಿಂದ ಸುಟ್ಟಂಥ ದುಂಡು ಗಾಯಗಳು.

"ಮೂರೂ ಆಕಳದಾಗ ಇದೇ ಕಂಡೀನ್ರಿ," ಅಂದ ಕಾಕಾ. "ವಿಷ ತಿಂದ ದನ ಹಿಂಗ ಇರಂಗಿಲ್ಲ. ಅದರ ಕರಳೆಲ್ಲ ಬೆಂದಂಗ ಇರ್ತದ. ಇದು ಬ್ಯಾರೆ."

ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು.

"ನನ್ನ ಯಾರ ಕೇಳ್ಯಾರ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಆ ಮಾತು ನನಗೆ ಇನ್ನೂ ಕೇಳಿಸುತ್ತದೆ. ನಾನು ಗಂಟಿಗೆ ಸೂಜಿ ಚುಚ್ಚಿ ರಸ ತೆಗೆದೆ, ಲೇಪ ತಳ್ಳಿದೆ, ಮಳೆ ನೀರಿನ ಬಣ್ಣ ಹಾಕಿದೆ. ನೀಲಿ ಗುಂಡುಗಳು ಕಿಕ್ಕಿರಿದಿದ್ದವು. ಮೊದಲು ಡಾಕ್ಟರು ನೋಡಿದರು, ಆಮೇಲೆ ಅಮೀನರು ಟೋಪಿ ತೆಗೆದು ಬಗ್ಗಿ ನೋಡಿದರು. ಕಾಕಾನನ್ನು ಅಂದು ಮನೆಗೆ ಬಿಟ್ಟರು, ಆದರೆ ಕೇಸು ಮುಚ್ಚಲಿಲ್ಲ. ಮೇಲಿನಿಂದ ಯಾರಾದರೂ ಬಂದು ಒಪ್ಪಬೇಕು ಎಂದರು.

ಹೈದರಾಬಾದಿನಿಂದ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಬಂದರು. ವಿಲಾಯತಿಯಲ್ಲಿ ಓದಿದವರು, ಉರ್ದು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನನ್ನ ಸ್ಲೈಡಿನ ಪೆಟ್ಟಿಗೆ ತರಿಸಿದರು. ನಾನು ಐವಾನ್-ಎ-ಶಾಹಿಯ ಮಂದೆಯ ಸ್ಲೈಡುಗಳನ್ನು ಆಕಳಿನ ಹೆಸರು ಬರೆದು ವರ್ಷದಿಂದ ಜೋಪಾನ ಮಾಡಿದ್ದೆ. ಅದೇ ನಮಗೆ ಮುಳುವಾಯಿತು. ಮೋತಿ ಕಲಬುರ್ಗಿಯಲ್ಲಿ ಗಟ್ಟಿಮುಟ್ಟಾಗಿದ್ದಾಗಲೇ ಅದರ ರಕ್ತದಲ್ಲಿ ಅಲ್ಲೊಂದು ಇಲ್ಲೊಂದು ಉಂಗುರ ಇತ್ತು. ದೇವಣಿ ದನಗಳ ರಕ್ತದಲ್ಲೂ ಇತ್ತು. ಈ ಕ್ರಿಮಿ ಇವುಗಳ ಮೈಯಲ್ಲಿ ಮೊದಲಿಂದಲೂ ಸುಮ್ಮನೆ ಇದೆ, ಒಮ್ಮೆ ಜ್ವರ ಬಂದು ಹೋದ ದನಕ್ಕೆ ಅದು ಮತ್ತೆ ಏನೂ ಮಾಡುವುದಿಲ್ಲ ಎಂದು ಪುಸ್ತಕ ಹೇಳುತ್ತದೆ, ಹಾಗಿದ್ದ ಮೇಲೆ ಸಾವಿಗೆ ಬೇರೆ ಕಾರಣ ಹುಡುಕಿ ಎಂದು ಸಾಹೇಬರು ಹೇಳಿ ತಂಗಲು ಹೋದರು. ಪುಸ್ತಕದ ಮಾತು ಸುಳ್ಳಾಗಿರಲಿಲ್ಲ. 

ಅಂದು ಮಧ್ಯಾಹ್ನ ನಾನು ಲಾಯದಲ್ಲಿ ಹುಸೇನಬಿಯ ಹತ್ತಿರ ಕೂತೆ. ಯಾವ ಆಕಳು ಎಲ್ಲಿ ನಿಲ್ಲುತ್ತಿತ್ತು, ಯಾವಾಗ ಮೇವು ಬಿಟ್ಟಿತು, ಒಂದೊಂದಾಗಿ ಕೇಳಿದೆ. ಅವಳಿಗೆ ಎಲ್ಲ ಬಾಯಿಪಾಠ. ನಾನು ನೆಲದ ಮೇಲೆ ಇದ್ದಿಲಿನಿಂದ ಲಾಯದ ನಕ್ಷೆ ಬರೆದು ಗೂಟಗಳನ್ನು ಗುರುತಿಸಿದೆ. ಸತ್ತ ನಾಲ್ಕೂ ಬಡಗಣ ಗೋಡೆಯವು. ಗೋದಲಿ ಎಲ್ಲಕ್ಕೂ ಒಂದೇ, ನೀರಿನ ತೊಟ್ಟಿ ಒಂದೇ. ವಿಷವಾದರೆ ಬಡಗಣದವೇ ಯಾಕೆ ಸಾಯಬೇಕು? ಇನ್ನೊಂದು ಮಾತನ್ನೂ ಹುಸೇನಬಿ ಹೇಳಿದಳು. ಸತ್ತ ದೇವಣಿ ಮಣಕ ಮೊದಲು ಅಂಗಳದಲ್ಲಿತ್ತು. ಮೊದಲ ಸಿಂಧಿ ಆಕಳು ಸತ್ತು ಗೂಟ ಖಾಲಿಯಾದಾಗ ಅದನ್ನು ತಂದು ಅಲ್ಲಿ ಕಟ್ಟಿದ್ದರು. ಮೂರು ವಾರಕ್ಕೆ ಅದಕ್ಕೂ ಜ್ವರ.

ನಾನು ಎದ್ದು ಗೋಡೆ ನೋಡಿದೆ. ಕಲ್ಲು ಮಣ್ಣಿನ ಹಳೆಯ ಗೋಡೆ, ಬೆರಳು ಹೋಗುವಷ್ಟು ಬಿರುಕು. ಚಾಕುವಿನ ತುದಿ ಹಾಕಿ ಕೆರೆದೆ. ಗೋಧಿ ಸುರಿದ ಹಾಗೆ ಉಣ್ಣಿ ಸುರಿದವು. ಮರಿ ಉಣ್ಣಿ ಒಂದು ಆಕಳಿನ ರಕ್ತ ಕುಡಿದು ಉದುರುತ್ತದೆ, ಬಿರುಕಿನಲ್ಲಿ ಕೂತು ಪೊರೆ ಬಿಟ್ಟು ದೊಡ್ಡದಾಗುತ್ತದೆ, ಆಮೇಲೆ ಹತ್ತಿರ ಯಾವ ಆಕಳು ಇದೆಯೋ ಅದನ್ನು ಹತ್ತುತ್ತದೆ. ಕುಡಿದ ರಕ್ತದಲ್ಲಿದ್ದ ಕ್ರಿಮಿಯನ್ನು ಅದಕ್ಕೆ ದಾಟಿಸುತ್ತದೆ. ಆಕಳಿಂದ ಆಕಳಿಗೆ ರೋಗ ನೇರ ಹೋಗುವುದಿಲ್ಲ, ಗೋಡೆಯ ಮೂಲಕ ಹೋಗುತ್ತದೆ.

ಡಾಕ್ಟರನ್ನು ಕರೆದು ತೋರಿಸಿದೆ. ಅವರು ಖುಷಿಯಾದರೂ ಸಾಹೇಬರ ಪ್ರಶ್ನೆ ಹಾಗೇ ಉಳಿಯಿತಲ್ಲ ಅಂದರು. ಸಿಂಧಿ ಆಕಳಿಗೂ ಈ ಕ್ರಿಮಿ ರೂಢಿ, ದೇವಣಿಗೂ ರೂಢಿ. ರೂಢಿಯಾದದ್ದು ಹೇಗೆ ಕೊಲ್ಲುತ್ತದೆ? ಹಾಲಿನ ಗಡಿಗೆ ತೊಳೆಯುತ್ತಿದ್ದ ಹುಸೇನಬಿ ತಲೆ ಎತ್ತಿದಳು.

"ಡಾಕ್ಟರ್ ಸಾಬ್, ಶರಣಸಿರಸಗಿ ಜ್ವಾಳ, ಕಮಲಾಪುರದ ಜ್ವಾಳ ಬೊಗಸಿಯೊಳಗ ಹಿಡೀರಿ. ಕಣ್ಣಿಗೆ ಒಂದೇ. ರೊಟ್ಟಿ ಬಡದಾಗ ತಿಳೀತದ, ತಳಿ ಬ್ಯಾರೆ ಅದಾವ ಅಂತ."

ಡಾಕ್ಟರು ಆ ಇದ್ದಿಲ ನಕ್ಷೆಯ ಮುಂದೆ ಹಾಗೇ ನೆಲಕ್ಕೆ ಕೂತರು. ಮೊದಲು ಸತ್ತದ್ದು ಹೊರಗಿನಿಂದ ಬಂದ ಸಿಂಧಿ ಆಕಳು: ಕಮಲಾಪುರದ ಗೋಡೆಯಲ್ಲಿದ್ದ ತಳಿ ಅವಕ್ಕೆ ಹೊಸದು. ಆಮೇಲೆ ಸತ್ತದ್ದು ಇಲ್ಲಿಯ ಮಣಕ: ಸಿಂಧಿ ಆಕಳು ಮೈಯಲ್ಲಿ ಹೊತ್ತು ತಂದ ಕಲಬುರ್ಗಿಯ ತಳಿ, ಉಣ್ಣಿಯ ಮೂಲಕ ಅದೇ ಗೋಡೆ ಸೇರಿ, ಇದಕ್ಕೆ ಹೊಸದಾಯಿತು. ಎರಡು ಮಂದೆ ಬೇರೆ ಬೇರೆ ಇದ್ದಾಗ ಎರಡೂ ಸುಖವಾಗಿದ್ದವು. ನಾವು ಒಂದೇ ಗೋಡೆಗೆ ಕಟ್ಟಿ ಎರಡು ತಳಿಗಳನ್ನು ಅದಲುಬದಲು ಮಾಡಿದೆವು. ಖುರ್ದಬೀನಿನಲ್ಲಿ ಎರಡೂ ಒಂದೇ ಉಂಗುರ. ಇದ್ದಿಲ ನಕ್ಷೆಯಲ್ಲಿ ಮಾತ್ರ ಬೇರೆ ಬೇರೆ ಕಂಡವು.

ಸಾಹೇಬರು ನಕ್ಷೆ ನೋಡಿದರು, ನಕ್ಕರು. ಊಹೆ ಚೆನ್ನಾಗಿದೆ, ರುಜುವಾತು ಎಲ್ಲಿದೆ ಅಂದರು. ಆಗ ಡಾಕ್ಟರು ಒಂದು ಮಾತು ಆಡಿದರು.  ಎಲ್ಲ ದನಗಳನ್ನು ಲಾಯದಿಂದ ಬಿಚ್ಚಿ ಬೇವಿನ ಕೆಳಗೆ ಬಯಲಲ್ಲಿ ಕಟ್ಟೋಣ, ಗೋಡೆಗೆ ಬೆಂಕಿಯ ಝಳ ಕೊಟ್ಟು ಸುಣ್ಣ ಮಣ್ಣು ಮೆತ್ತೋಣ. ಈಗಾಗಲೇ ಕಡಿಸಿಕೊಂಡವು ಮೂರು ವಾರದೊಳಗೆ ಬೀಳಬಹುದು, ಆಮೇಲೆ ಒಂದೂ ಬೀಳಬಾರದು. ಬಿದ್ದರೆ ತಮ್ಮ ಮಾತು ಸುಳ್ಳು. ಇಷ್ಟು ಹೇಳಿ ಕಾಕಾನ ಕಡೆ ಕೈ ತೋರಿಸಿದರು.

"ಅಷ್ಟೂ ದಿನ ಈ ದನಕ್ಕ ಮೇವು ನೀರು ಹಾಕೋನು ಸಾಯಬಣ್ಣನ. ಅವನ ಕೈಯಾಗ ವಿಷ ಇದ್ರ ಗೊತ್ತಾಗ್ತದ."

ಅಮೀನರು ಒಪ್ಪಿದರು.  ಕಾಕಾ ಸೀದಾ ಹೋಗಿ ಹುಲ್ಲಿನ ಹೊರೆ ಎತ್ತಿಕೊಂಡ.

ನನಗೆ ರಜೆ ಹಾಕಿಸಿ ಡಾಕ್ಟರು ಅಲ್ಲೇ ಬಿಟ್ಟರು. ದಿನಕ್ಕೆ ಎರಡು ಸಲ ಪ್ರತಿ ದನದ ಜ್ವರ ನೋಡುವುದು, ಭುಜದ ಗಂಟು ಮುಟ್ಟುವುದು, ಕಿವಿ, ಕೆಚ್ಚಲು, ಬಾಲದ ಬುಡದಲ್ಲಿ ಉಣ್ಣಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುವುದು ನನ್ನ ಕೆಲಸ. ಕೆಂಪು ಬಾಳೆ ತೋಟಕ್ಕೆ ಹೋಗುವವರು ದಾರಿಯಲ್ಲಿ ನಿಂತು ಇವತ್ತು ಎಷ್ಟು ಸತ್ತವು ಎಂದು ಕೇಳುತ್ತಿದ್ದರು. ಎರಡನೆಯ ವಾರ ಒಂದು ಸಿಂಧಿ, ಒಂದು ದೇವಣಿ ಬಿದ್ದವು. ಸಿಂಧಿ ಸತ್ತಿತು. ಮೇವು ಹಾಕಿದವನು ಕಾಕಾ ಎಂದು ಊರಲ್ಲಿ ಮತ್ತೆ ಗುಸುಗುಸು. ಕಾಕಾ ಅದನ್ನೂ ತಾನೇ ಬಿಚ್ಚಿ, ತಿಲ್ಲಿ ಹೊಟ್ಟೆ ತೆಗೆದು ಅಮೀನರ ಮುಂದೆ ಹರಡಿ, ಕೈ ತೊಳೆದು ಉಳಿದ ದನಗಳಿಗೆ ನೀರು ಕುಡಿಸಲು ಹೋದ. ದೇವಣಿ ಒಂಬತ್ತು ದಿನ ಮಲಗಿತ್ತು. ಹತ್ತನೆಯ ದಿನ ತಾನೇ ಎದ್ದು ಹುಲ್ಲಿಗೆ ಬಾಯಿ ಹಾಕಿತು. ಹುಸೇನಬಿ ಅದರ ಕೊರಳು ತಬ್ಬಿ ಅತ್ತಳು.

ಮೂರು ವಾರ ಕಳೆಯಿತು. ನಾಲ್ಕು, ಐದು, ಆರು. ಒಂದು ದನವೂ ಬೀಳಲಿಲ್ಲ. ಮಳೆ ಶುರುವಾದ ಮೇಲೂ ಬೀಳಲಿಲ್ಲ. ಅಮೀನರು ಮೊಹರು ಒಡೆದು ಉಪ್ಪು ಸುಣ್ಣದ ಗಡಿಗೆಯನ್ನು ಪೊಲೀಸನ ಕೈಯಲ್ಲಿ ಕಾಕಾನ ಗುಡಿಸಲಿಗೆ ಕಳಿಸಿಕೊಟ್ಟರು.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಲ್ಲಿಂದಲೇ ಹುಟ್ಟಿದ್ದು. ಔಷಧದ ಹೆಸರು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಎರಡು ಊರಿನ ದನ ಒಂದೆಡೆ ಸೇರಿಸುವ ಮೊದಲು ಒಂದು ತಿಂಗಳು ಬೇರೆ ಬೇರೆ ಕಟ್ಟಿ, ಉಣ್ಣಿ ಕೀಳಿಸಿ, ಗೋಡೆ ಮೆತ್ತಿಸಿ. ಹಿಂಡುವವರನ್ನು ಕೇಳಿ, ಎತ್ತುವವರನ್ನು ಕೇಳಿ. ಸ್ಲೈಡು ಓದುವಾಗ ಸುತ್ತ ಯಾರು ನಿಂತಿದ್ದಾರೆ ಎಂದು ನೋಡಬೇಡಿ. ಆಮೇಲಿನ ವರ್ಷಗಳಲ್ಲಿ ಉಣ್ಣಿಗೆ ಪುಡಿ ಬಂತು, ಸಿಂಪಡಿಸುವ ಯಂತ್ರ ಬಂತು, ನಾನೂ ಅವನ್ನೆಲ್ಲ ಕಲಿತೆ, ಕಲಿಸಿದೆ. ನಿವೃತ್ತಿಯಾಗುವ ಹೊತ್ತಿಗೆ ಒಬ್ಬ ಯುವ ವಿಜ್ಞಾನಿ ಬಂದು ಒಂದೇ ಮಂದೆಯಲ್ಲಿ ಈ ಕ್ರಿಮಿಯ ಹಲವು ತಳಿ ಇರುತ್ತವೆ, ಉಣ್ಣಿಯೊಳಗೆ ಬೆರೆಯುತ್ತವೆ ಎಂದು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ನಮಗೆ ಇದು ಹುಸೇನಬಿ ಹೇಳಿದ್ದಳು ಎಂದು ಅವನಿಗೆ ಚಹಾ ಕುಡಿಯುವಾಗ ಹೇಳಿದೆ. ಅವನು ಅವಳ ಹೆಸರು ಬರೆದುಕೊಂಡ.

ಕಮಲಾಪುರದ ವರದಿಯನ್ನು ಡಾಕ್ಟರು ಇಂಗ್ಲಿಷಿನಲ್ಲಿ ಬರೆದರು. ಅದುವರೆಗೆ ಎಲ್ಲ ಉರ್ದುವಿನಲ್ಲಿತ್ತು, ಇಲಾಖೆ ಆಗಷ್ಟೇ ಬದಲಾಗಿತ್ತು. ಕಳಿಸುವ ಮೊದಲು ಕೊನೆಯ ಪುಟವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಲೇಪ ತಯಾರಿಸಿದವರು, ನನ್ನ ಹೆಸರು. ಮಂದೆಯ ವಿವರ ಕೊಟ್ಟವರು, ಹುಸೇನಬಿ. ಶವ ಬಿಚ್ಚಿ ಪರೀಕ್ಷೆ ಮಾಡಿದವರು, ಸಾಯಬಣ್ಣ, ಕಮಲಾಪುರ. ಜವಾನನ ಹೆಸರು ಸರ್ಕಾರಿ ವರದಿಯಲ್ಲಿ ಬರೆದದ್ದಕ್ಕೆ ದೊಡ್ಡ ಸಾಹೇಬರು ಅವರಿಗೆ ಛೀಮಾರಿ ಹಾಕಿ ಕಾಗದ ಬರೆದರು. ಡಾಕ್ಟರು ಅದನ್ನು ಫೈಲಿಗೆ ಸೇರಿಸಿ, ಬೇರೆ ಏನಾದರೂ ಸ್ಲೈಡು ಇದೆಯೇ ಎಂದು ಕೇಳಿದರು.

ಕೆಲವು ತಿಂಗಳ ಮೇಲೆ ದೂರದ ಒಂದು ಪ್ರಯೋಗಾಲಯದಿಂದ ಲಕೋಟೆ ಬಂತು. ವರದಿ ಅವರಿಗೆ ಯಾರೋ ಕಳಿಸಿದ್ದರು. ವಿಳಾಸ ಡಾಕ್ಟರ್ ಸಾಯಬಣ್ಣ, ಕಮಲಾಪುರ, ನಮ್ಮ ದವಾಖಾನೆಯ ಮೂಲಕ. ಒಳಗೆ, ಮಾನ್ಯರೆ, ತಾವು ನೋಡಿದ ಹೊಟ್ಟೆಯ ಗಾಯಗಳ ವಿವರ ಬಹಳ ಉಪಯುಕ್ತವಾಗಿದೆ, ಮುಂದೆ ಇಂಥ ಶವ ಪರೀಕ್ಷೆ ಮಾಡಿದರೆ ಗುಲ್ಮದ ತುಂಡನ್ನು ದಯವಿಟ್ಟು ಕಳಿಸಿ ಎಂದಿತ್ತು.

ಇಂಗ್ಲಿಷಿನ ಆ ಕಾಗದವನ್ನು ಡಾಕ್ಟರು ಕನ್ನಡದಲ್ಲಿ ಹೇಳಿ ಬರೆಸಿದರು, ನಾನು ಅದನ್ನು ಕಮಲಾಪುರಕ್ಕೆ ಒಯ್ದು ಕಾಕಾನಿಗೆ ಓದಿದೆ. ಮತ್ತೊಮ್ಮೆ ಓದು ಅಂದ. ಓದಿದೆ. ಹೆಂಡತಿಯನ್ನು ಕರೆದು ಕೂಡಿಸಿ ಮೂರನೆಯ ಸಲ ಓದಿಸಿದ. ಆಮೇಲೆ ಜವಾಬು ಬರೆಯಲು ಹೇಳಿದ.

"ನಾ ಡಾಕ್ಟರ್ ಅಲ್ಲ ಅಂತ ಮೊದಲ ಬರಿ, ತಮ್ಮಾ. ಖೊಟ್ಟಿ ಇರಬಾರ್ದು. ಆಮ್ಯಾಲೆ, ತಿಲ್ಲಿ ಎಲ್ಲಿಂದ ಕೊಯ್ಯಬೇಕು ಅಂತ ಅವರು ಬರದಿಲ್ಲ. ದಡಿ ಕಡಿಂದ ಕೊಯ್ದ್ರ ಉಪಯೋಗಿಲ್ಲ, ನಡುವಿಂದ ಕೊಯ್ಯಬೇಕು. ಅದನ್ನ ಹೇಳ್ತೀನಿ, ಬರಕೋ."

ಒಂದೂವರೆ ಪುಟ ಆಯಿತು. ಡಾಕ್ಟರು ಅದನ್ನು ಇಂಗ್ಲಿಷಿಗೆ ಮಾಡಿದರು, ಒಂದು ಮಾತನ್ನೂ ಬಿಡಲಿಲ್ಲ. ಕೆಳಗೆ ಕಾಕಾ ಹೆಬ್ಬೆಟ್ಟು ಒತ್ತಿದ. ಎರಡು ವಾರಕ್ಕೆ ಗಾಜಿನ ಬಾಟಲಿಗಳ ಒಂದು ಪೆಟ್ಟಿಗೆ, ಜೊತೆಗೆ ಇನ್ನೊಂದು ಕಾಗದ ಬಂದವು. ವಿಳಾಸ ಮತ್ತೆ ಡಾಕ್ಟರ್ ಸಾಯಬಣ್ಣ. ತಿದ್ದಿ ಇನ್ನೊಂದು ಕಾಗದ ಹಾಕಲೇ ಎಂದು ಕೇಳಿದೆ. ಕಾಕಾ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಇರ್ಲಿ ಬಿಡು," ಅಂದ. "ನಾವು ಒಮ್ಮಿ ಹೇಳೀವಿ. ಎರಡ ಸಲ ಹೇಳೋದು ಚಲೋ ಅಲ್ಲ."